ಬೋರ್ಡಿಗೆ ಅರವತ್ತು, ಬೆರಳಿಗೆ ಹದಿನಾಲ್ಕು

2024ರ ದೀಪಾವಳಿಗೆ ಇನ್ನು ನಾಲ್ಕು ದಿನ ಇರುವಾಗ ಒಬ್ಬ ಹುಡುಗ ನಮ್ಮ ಬಳಗದ ಕಚೇರಿಯ ಮೆಟ್ಟಿಲು ಹತ್ತಿ ಬಂದ. ಶಿರಾ ಕಡೆಯವನು. ವಯಸ್ಸು 25. ಪೀಣ್ಯದ ಒಂದು ಶೆಡ್ಡಿನಲ್ಲಿ ಪ್ರೆಸ್ ಆಪರೇಟರ್. ಬಲಗೈಯನ್ನು ಪ್ಯಾಂಟಿನ ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ. ಕಾಫಿ ಕೊಟ್ಟರೆ ಎಡಗೈ ಚಾಚಿದ. ನಮ್ಮ ಹಿರಿಯರೊಬ್ಬರು "ಏನಪ್ಪಾ, ಎಡಗೈಲಿ ಇಸ್ಕೊಂತೀಯ?" ಎಂದು ಗದರಿದರು. ಹುಡುಗ ಮಾತಾಡಲಿಲ್ಲ. ಬಲಗೈ ತೆಗೆದು ಮೇಜಿನ ಮೇಲಿಟ್ಟ. ತೋರುಬೆರಳು ಬುಡದಿಂದ ಇಲ್ಲ. ನಡುಬೆರಳು ಬುಡದಿಂದ ಇಲ್ಲ. ಗದರಿದ ಹಿರಿಯರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

"ಹೋದ ಡಿಸೆಂಬರ್‌ನಲ್ಲಿ ಬೋರ್ಡ್ ಗಲಾಟೆಗೆ ನಾನೂ ಬಂದಿದ್ದೆ ಅಣ್ಣ. ಬಾವುಟ ಹಿಡ್ಕೊಂಡಿದ್ದು ಇದೇ ಕೈನಲ್ಲಿ" ಎಂದ.

ಕನ್ನಡದ ಯುವಕರೇ, ಈ ಲೇಖನ ಬರೆಯಲು ಆ ಒಂದು ಮಾತು ಸಾಕಾಯಿತು. 2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ನಾವು ಏನು ಕೇಳಿದೆವು? ಅಂಗಡಿ, ಮಾಲ್, ಹೋಟೆಲು, ಕಾರ್ಖಾನೆಗಳ ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಲಿ ಎಂದು ಕೇಳಿದೆವು. ಲಾಠಿ ತಿಂದೆವು, ಕೇಸು ಹಾಕಿಸಿಕೊಂಡೆವು, ಜೈಲಿಗೂ ಹೋದೆವು. 2024ರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಗೆದ್ದೆವು. ಆ ಗೆಲುವನ್ನು ನಾನು ಸಣ್ಣದೆನ್ನುವುದಿಲ್ಲ. ಆದರೆ ಬೋರ್ಡು ಇರುವುದು ಗೇಟಿನ ಹೊರಗೆ. ಗೇಟಿನ ಒಳಗೆ ಒಂದು ಯಂತ್ರ ಇದೆ. ಅದರ ಮೇಲೆ ಅಂಟಿಸಿರುವ ಎಚ್ಚರಿಕೆಯ ಚೀಟಿಯಲ್ಲಿ ಕನ್ನಡ ಎಷ್ಟು ಪರ್ಸೆಂಟು ಎಂದು ನಮ್ಮಲ್ಲಿ ಯಾರು ಕೇಳಿದೆವು? ನಾನಂತೂ ಕೇಳಿರಲಿಲ್ಲ.

ಈ ಹುಡುಗನ ಶೆಡ್ಡಿನ ಬೋರ್ಡು ಕಾನೂನು ಪ್ರಕಾರ ಇದೆ. ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡ, ಕೆಳಗೆ ಸಣ್ಣದಾಗಿ ಇಂಗ್ಲಿಷು. ಒಳಗಿನ ಪವರ್ ಪ್ರೆಸ್ಸು ರಾಜಕೋಟೆಯದು, ಸೆಕೆಂಡ್ ಹ್ಯಾಂಡ್. ಅದರ ಮೈಮೇಲೆ ಇಂಗ್ಲಿಷಿನಲ್ಲಿ ಒಂದು ಚೀಟಿ ಇತ್ತಂತೆ. ಗ್ರೀಸು, ಎಣ್ಣೆ ಮೆತ್ತಿ ಯಾವ ಭಾಷೆಯವರಿಗೂ ಓದಲು ಬಾರದಂತಾಗಿತ್ತು. ಸೂಪರ್‌ವೈಸರ್ ಹಿಂದಿಯವನು. ಹುಡುಗ ಓದಿದ್ದು ಎಸ್ಸೆಸ್ಸೆಲ್ಸಿ, ಕನ್ನಡ ಮಾಧ್ಯಮ. ಕೆಲಸ ಕಲಿತದ್ದು ಹೇಗೆ? ಪಕ್ಕದಲ್ಲಿ ನಿಂತು ಎರಡು ದಿನ ನೋಡಿ. ಮೂರನೇ ದಿನ ಪೆಡಲ್ ಮೇಲೆ ಕಾಲಿಟ್ಟ.

ಇನ್ನು ಮಾಲೀಕ. ಯಾರು ಅಂದುಕೊಂಡಿರಿ? ಸೇಠು, ಹೊರಗಿನವನು ಅಂದುಕೊಂಡರೆ ತಪ್ಪು. ಅಪ್ಪಟ ಕನ್ನಡಿಗ. ನವೆಂಬರ್ ಬಂದರೆ ಶೆಡ್ಡಿನ ಮುಂದೆ ಬಾವುಟ ಹಾರಿಸಿ ಬೂಂದಿ ಹಂಚುವವನು. ನಮ್ಮ ಬಳಗದ ರಾಜ್ಯೋತ್ಸವಕ್ಕೆ ಚಂದಾ ಕೊಟ್ಟವನು. ರಸೀತಿಯ ಅರ್ಧ ಭಾಗ ನಮ್ಮ ಪುಸ್ತಕದಲ್ಲೇ ಇದೆ. ಹುಡುಗ ಮಾಲೀಕನ ಹೆಸರು ಹೇಳಿದಾಗ ನಮ್ಮ ಖಜಾಂಚಿ ತಲೆ ತಗ್ಗಿಸಿದ. ಹೊರಗಿನವರನ್ನು ಬೈಯುವುದು ಸುಲಭ. ಇದು ಅಷ್ಟು ಸುಲಭದ ಮಾತಲ್ಲ.

ಯಂತ್ರಕ್ಕೆ ಕರುಣೆ ಇಲ್ಲ, ಗಾರ್ಡ್ ಇರಬೇಕು

ಪವರ್ ಪ್ರೆಸ್ ಕಾಣದವರಿಗಾಗಿ ಸ್ವಲ್ಪ ಹೇಳುತ್ತೇನೆ. ಕೆಳಗೆ ಡೈ, ಮೇಲೆ ಪಂಚ್. ಮಗ್ಗುಲಲ್ಲಿ ದೊಡ್ಡ ಫ್ಲೈವೀಲ್ ಸದಾ ಸುತ್ತುತ್ತಿರುತ್ತದೆ. ತಗಡಿನ ತುಂಡನ್ನು ಡೈ ಮೇಲಿಟ್ಟು ಪೆಡಲ್ ತುಳಿದರೆ ಕ್ಲಚ್ಚಿನ ಪಿನ್ನು ಕಚ್ಚಿಕೊಳ್ಳುತ್ತದೆ, ಫ್ಲೈವೀಲಿನ ಬಲವೆಲ್ಲ ಪಂಚಿಗೆ ಬಂದು ಧಡ್ ಎಂದು ಕೆಳಗಿಳಿಯುತ್ತದೆ. ತಗಡು ಬ್ರಾಕೆಟ್ಟಾಗುತ್ತದೆ, ವಾಷರಾಗುತ್ತದೆ, ಸ್ಕೂಟರಿನ ಯಾವುದೋ ಭಾಗವಾಗುತ್ತದೆ. ಆಪರೇಟರ್ ಅದನ್ನು ತೆಗೆದು ಇನ್ನೊಂದು ತುಂಡು ಇಡುತ್ತಾನೆ. ಒಂದು ಶಿಫ್ಟಿನಲ್ಲಿ ಸಾವಿರಾರು ಸಲ ಕೈ ಒಳಗೆ, ಕೈ ಹೊರಗೆ. ಹಳೆಯ ಪಿನ್ ಕ್ಲಚ್ ಪ್ರೆಸ್ಸಿನ ಗುಣ ಏನೆಂದರೆ, ಒಮ್ಮೆ ಪಿನ್ನು ಕಚ್ಚಿಕೊಂಡಿತೆಂದರೆ ಸುತ್ತು ಮುಗಿಯದೆ ನಿಲ್ಲದು. ನಡುವೆ ನಿಲ್ಲಿಸಲು ಬ್ರಹ್ಮನಿಂದಲೂ ಆಗದು. ಪಿನ್ನು ಸವೆದರೆ, ಸ್ಪ್ರಿಂಗ್ ಸೋತರೆ, ಪೆಡಲ್ ತುಳಿಯದೆಯೂ ಇನ್ನೊಂದು ಏಟು ಬೀಳುತ್ತದೆ. ಇದಕ್ಕೆ ಹುಡುಗರು "ಡಬಲ್ ಹೊಡೀತು" ಎನ್ನುತ್ತಾರೆ. ಶಿರಾದ ಹುಡುಗನಿಗೂ ಡಬಲ್ ಹೊಡೆಯಿತು. ಸಿಕ್ಕಿಕೊಂಡಿದ್ದ ತುಂಡನ್ನು ಬೆರಳಿನಿಂದ ಎತ್ತಲು ಹೋದ. ಅಷ್ಟೇ.

ಇದಕ್ಕೆಲ್ಲ ಮದ್ದು ಇಲ್ಲವೇ? ಧಾರಾಳವಾಗಿ ಇದೆ, ಹೊಸದೂ ಅಲ್ಲ. ಡೈ ಸುತ್ತ ಜಾಲರಿ ಗಾರ್ಡ್ ಹಾಕಿದರೆ ಕೈ ಒಳಗೆ ಹೋಗುವುದೇ ಇಲ್ಲ. ಎರಡು ಕೈಯಿಂದ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಏಟು ಬೀಳುವಂತೆ ಮಾಡಬಹುದು. ತುಂಡು ಎತ್ತಲು ಇಕ್ಕಳ ಅಥವಾ ಮ್ಯಾಗ್ನೆಟ್ ಕೋಲು ಕೊಡಬಹುದು. ಸೆನ್ಸರ್ ಪರದೆ ಹಾಕಬಹುದು, ಕೈ ಅಡ್ಡ ಬಂದರೆ ಯಂತ್ರ ತಾನೇ ನಿಲ್ಲುತ್ತದೆ. ಆದರೆ ಒಂದು ಕಿವಿಮಾತು. ಸುತ್ತಿನ ನಡುವೆ ನಿಲ್ಲಲಾರದ ಪಿನ್ ಕ್ಲಚ್ ಪ್ರೆಸ್ಸಿಗೆ ಸೆನ್ಸರ್ ಹಾಕಿ "ಸೇಫ್ಟಿ ಮಾಡಿಸಿದ್ದೀವಿ" ಎನ್ನುವವರಿದ್ದಾರೆ. ಅದು ಇನ್ಸ್‌ಪೆಕ್ಟರ್ ಕಣ್ಣಿಗೆ ಮಾತ್ರ ಸೇಫ್ಟಿ. ಎರಡು ಬಟನ್‌ಗಳಲ್ಲಿ ಒಂದನ್ನು ಟೇಪು ಸುತ್ತಿ ಸದಾ ಒತ್ತಿಯೇ ಇಡುವುದೂ ಉಂಟು. ಯಾಕೆ? ಗಾರ್ಡ್ ಇದ್ದರೆ ಕೆಲಸ ನಿಧಾನ. ಪೀಸ್ ಲೆಕ್ಕ ಬೀಳುವುದಿಲ್ಲ, ಟಾರ್ಗೆಟ್ ಮುಗಿಯುವುದಿಲ್ಲ, ದೊಡ್ಡ ಕಂಪನಿಯ ಗಾಡಿ ಸಂಜೆ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಜಾಲರಿ ಗಾರ್ಡ್ ಮಾಡಲು ಅದೇ ಶೆಡ್ಡಿನ ಮೂಲೆಯಲ್ಲಿ ಬಿದ್ದಿರುವ ಸ್ಕ್ರ್ಯಾಪು ಸಾಕು ಸ್ವಾಮಿ! ಸಾಲದೆ ಇರುವುದು ಮನಸ್ಸು.

ಪ್ರೆಸ್ಸೊಂದೇ ಅಲ್ಲ. ಲೇತ್ ಮೇಲೆ ಗ್ಲೌಸ್ ಹಾಕಿ ನಿಲ್ಲಿಸುತ್ತಾರೆ. ತಿರುಗುವ ಜಾಬಿಗೆ ಗ್ಲೌಸಿನ ನೂಲು ಸಿಕ್ಕರೆ ಬೆರಳಿನ ಸಮೇತ ಎಳೆಯುತ್ತದೆ. ಮರದ ಮಿಲ್ಲಿನ ಗರಗಸಕ್ಕೆ ಮರೆ ಇರುವುದಿಲ್ಲ. ರಬ್ಬರ್ ರೋಲರ್ ಅಂಗೈಯನ್ನೇ ನುಂಗುತ್ತದೆ. ಪ್ಲಾಸ್ಟಿಕ್ ಮೌಲ್ಡಿಂಗ್ ಯಂತ್ರದ ಬಾಗಿಲಿನ ಸ್ವಿಚ್ಚಿಗೆ ಕಡ್ಡಿ ಸಿಕ್ಕಿಸಿ, ಬಾಗಿಲು ತೆರೆದೇ ಓಡಿಸುತ್ತಾರೆ. ಪೀಣ್ಯ, ಬೊಮ್ಮಸಂದ್ರ, ಜಿಗಣಿ, ದಾಬಸ್‌ಪೇಟೆ, ಕಾಮಾಕ್ಷಿಪಾಳ್ಯ, ಬೆಳಗಾವಿಯ ಉದ್ಯಮಬಾಗ, ಮೈಸೂರಿನ ಹೂಟಗಳ್ಳಿ, ಎಲ್ಲಿ ಬೇಕಾದರೂ ಶಿಫ್ಟ್ ಬಿಡುವ ಹೊತ್ತಿಗೆ ಟೀ ಅಂಗಡಿಯ ಮುಂದೆ ನಿಂತು ಗ್ಲಾಸು ಹಿಡಿದ ಕೈಗಳನ್ನು ಎಣಿಸಿ ನೋಡಿ. ನಾನು ಎಣಿಸಿದ್ದೇನೆ. ಎಷ್ಟು ಎಂದು ಬರೆಯುವುದಿಲ್ಲ, ನೀವೇ ಹೋಗಿ ಎಣಿಸಿ.

ಯಾವ ಭಾಷೆಯ ಆಜ್ಞೆ?

ಭಾಷೆಯ ಪತ್ರಿಕೆಯಲ್ಲಿ ಕಾರ್ಮಿಕರ ವಿಷಯ ಯಾಕೆ ಎಂದು ಕೆಲವರು ಮೂಗು ಮುರಿಯಬಹುದು. ಅವರಿಗಾಗಿಯೇ ಈ ಭಾಗ.

1948ರ ಕಾರ್ಖಾನೆಗಳ ಕಾಯ್ದೆಯ 108ನೇ ಕಲಂ ಏನು ಹೇಳುತ್ತಿತ್ತು? ಕಾರ್ಖಾನೆಯಲ್ಲಿ ಹಾಕಬೇಕಾದ ನೋಟೀಸುಗಳೆಲ್ಲ ಇಂಗ್ಲಿಷಿನಲ್ಲಿ ಇರಬೇಕು, ಜೊತೆಗೆ ಅಲ್ಲಿನ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು. ಮುಖ್ಯ ಬಾಗಿಲ ಬಳಿ, ಕಣ್ಣಿಗೆ ಬೀಳುವ ಜಾಗದಲ್ಲಿ ಹಾಕಬೇಕು. ಗೋಕಾಕ್ ಚಳವಳಿಗಿಂತ ಮೂವತ್ತನಾಲ್ಕು ವರ್ಷ ಮೊದಲೇ, ಕರ್ನಾಟಕ ಒಂದಾಗುವ ಮೊದಲೇ, ಕಾರ್ಮಿಕನ ಭಾಷೆಗೆ ಕಾನೂನಿನಲ್ಲಿ ಜಾಗ ಇತ್ತು! ಕೈಯಲ್ಲಿ ಇಂಥ ಆಯುಧ ಇದ್ದೂ ನಾವು ಅದನ್ನು ಎಂದಾದರೂ ಝಳಪಿಸಿದೆವೇ? ಬ್ಯಾಂಕಿನ ಚಲನ್ನಿಗಾಗಿ ಬಡಿದಾಡಿದೆವು, ರೈಲ್ವೆ ಪರೀಕ್ಷೆಗಾಗಿ ಬಡಿದಾಡಿದೆವು, ಚಿತ್ರಮಂದಿರದ ಪೋಸ್ಟರಿಗಾಗಿ ಬಡಿದಾಡಿದೆವು. ಕಾರ್ಖಾನೆಯ ನೋಟೀಸು ಬೋರ್ಡಿನ ಮುಂದೆ ಒಂದು ದಿನವೂ ನಿಲ್ಲಲಿಲ್ಲ.

2017ರಲ್ಲಿ ಇನ್ನೊಂದು ಬಂತು. 1923ರ ಪರಿಹಾರ ಕಾಯ್ದೆಗೆ ತಿದ್ದುಪಡಿ ತಂದು 17ಎ ಎಂಬ ಕಲಂ ಸೇರಿಸಿದರು. ನೌಕರನನ್ನು ಕೆಲಸಕ್ಕೆ ತೆಗೆದುಕೊಂಡ ಕೂಡಲೇ, ಗಾಯವಾದರೆ ಅವನಿಗೆ ಏನು ಹಕ್ಕಿದೆ ಎಂಬುದನ್ನು ಮಾಲೀಕ ಬರೆದು ಕೊಡಬೇಕು. ಯಾವ ಭಾಷೆಯಲ್ಲಿ? "ಇಂಗ್ಲಿಷ್ ಅಥವಾ ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ" ಎಂದು ದೆಹಲಿಯ ದೊರೆಗಳು ಬರೆದರು. ಸಾಲು ನೋಡಿದಿರಾ? ನಮ್ಮ ನೆಲದಲ್ಲಿ ನಮ್ಮ ಭಾಷೆ ಮೂರನೆಯದು! ಆದರೂ ಕೊನೆಗೆ "ನೌಕರನಿಗೆ ತಿಳಿಯುವಂತೆ" ಎಂಬ ಮಾತು ಇತ್ತು. ಕೊಡದಿದ್ದರೆ 50 ಸಾವಿರದಿಂದ 1 ಲಕ್ಷದವರೆಗೆ ದಂಡವೂ ಇತ್ತು. ಶಿರಾದ ಹುಡುಗನಿಗೆ ಅಂಥ ಕಾಗದ ಕೊಟ್ಟಿದ್ದರಾ ಎಂದು ಕೇಳಿದೆ. "ಕೊಟ್ರು ಅಣ್ಣ, ಕೈ ಹೋದ ಮೇಲೆ" ಎಂದ. ಆ ಕಾಗದದ ವಿಷಯ ಮುಂದೆ ಹೇಳುತ್ತೇನೆ.

ಈಗ ನ್ಯಾಯಾಲಯದ ಮಾತಿಗೆ ಬರೋಣ. ಪರಿಹಾರದ ಕಾನೂನಿನಲ್ಲಿ ಕೆಲಸಗಾರ ಅಜಾಗರೂಕನಾಗಿದ್ದ ಎಂಬುದು ಉತ್ತರವೇ ಅಲ್ಲ. ಕೆಲಸದಲ್ಲಿ ಕೆಲಸದಿಂದಾಗಿ ಗಾಯವಾಯಿತೇ, ಮಾಲೀಕ ಕೊಡಬೇಕು. "ಕೈ ಜಾರಿತು", "ನಿದ್ದೆಗಣ್ಣಿನಲ್ಲಿದ್ದ", "ಮೊಬೈಲ್ ನೋಡ್ತಿದ್ದ" ಎಂಬ ಕಥೆಗಳಿಗೆ ಅಲ್ಲಿ ಬೆಲೆ ಇಲ್ಲ. ಮಾಲೀಕನಿಗೆ ತಪ್ಪಿಸಿಕೊಳ್ಳಲು ಇರುವ ಕಿಂಡಿ ಬೇರೆ. ಕುಡಿದಿದ್ದ ಎನ್ನಬೇಕು, ಅಥವಾ ಬೇಕೆಂದೇ ಗಾರ್ಡ್ ತೆಗೆದ ಎನ್ನಬೇಕು, ಅಥವಾ ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆಜ್ಞೆಯನ್ನು ಬೇಕೆಂದೇ ಮೀರಿದ ಎನ್ನಬೇಕು. ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆ ಆದರೆ ಈ ಕಿಂಡಿಯೂ ಇಲ್ಲ. ಬೆರಳು ಹೋದರೆ ಮಾತ್ರ ಇದೆ. ಅದಕ್ಕೇ ಬೆರಳಿನ ಕೇಸುಗಳಲ್ಲೆಲ್ಲ ಒಂದೇ ರಾಗ: "ಗಾರ್ಡ್ ಇತ್ತು ಸ್ವಾಮಿ, ಅವನೇ ತೆಗೆದ. ಹೇಳಿದ್ದೆವು ಸ್ವಾಮಿ, ಅವನೇ ಕೇಳಲಿಲ್ಲ."

ನಮ್ಮ ಹುಡುಗನ ಅರ್ಜಿಗೂ ಮಾಲೀಕರ ವಕೀಲರು ಇದೇ ರಾಗ ಎಳೆದಿದ್ದಾರೆ. "ಲಿಖಿತ ಸೂಚನೆ ಯಂತ್ರದ ಮೇಲೇ ಇತ್ತು" ಎಂದು ಬರೆದಿದ್ದಾರೆ. ಎಂಥ ಸೂಚನೆ? ಗ್ರೀಸು ಮೆತ್ತಿದ ಇಂಗ್ಲಿಷ್ ಚೀಟಿ. "ಬಾಯಿಮಾತಿನಲ್ಲೂ ಎಚ್ಚರಿಸಿದ್ದೆವು" ಎಂದಿದ್ದಾರೆ. ಯಾವ ಬಾಯಿ? ಹಿಂದಿ ಬಾಯಿ. ತಿಳಿಯದ ಭಾಷೆಯಲ್ಲಿ ಕೊಟ್ಟ ಆಜ್ಞೆ "ಸ್ಪಷ್ಟವಾಗಿ ಕೊಟ್ಟ ಆಜ್ಞೆ" ಹೇಗಾಗುತ್ತದೆ? ಓದಲು ಬಾರದ ನಿಯಮವನ್ನು "ಬೇಕೆಂದೇ" ಮೀರುವುದು ಹೇಗೆ ಸಾಧ್ಯ? ಕನ್ನಡದ ಪ್ರಶ್ನೆ ಎಂದರೆ ಇದು, ಗೆಳೆಯರೇ. ಇಲ್ಲಿ ಭಾಷೆ ಅಭಿಮಾನದ ವಿಷಯವಾಗಿ ಬಂದಿಲ್ಲ, ಸಾಕ್ಷಿಯಾಗಿ ಬಂದಿದೆ. ಕಾರ್ಮಿಕರ ಪರ ವಾದಿಸುವ ಕನ್ನಡದ ವಕೀಲರು ಈ ಒಂದು ಪ್ರಶ್ನೆಯನ್ನು ಪ್ರತಿಯೊಂದು ಪಾಟೀಸವಾಲಿನಲ್ಲಿ ಕೇಳಬೇಕು: ಸೂಚನೆ ಯಾವ ಭಾಷೆಯಲ್ಲಿತ್ತು?

ಬೆರಳಿನ ರೇಟು

ಈಗ ಲೆಕ್ಕ. 1923ರ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ನಮ್ಮ ಅಂಗಾಂಗಗಳಿಗೆಲ್ಲ ಒಂದು ಪಟ್ಟಿ ಇದೆ. ಮಾರುಕಟ್ಟೆಯ ದರಪಟ್ಟಿ ಇದ್ದಂತೆ. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 14 ಭಾಗ ಹೋಯಿತು ಎಂದು ಲೆಕ್ಕ. ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಾದರೆ 9, ಮೂಳೆ ಉಳಿದು ತುದಿ ಮಾತ್ರ ಹೋದರೆ 5. ನಡುಬೆರಳಿಗೆ 12. ಉಂಗುರದ ಬೆರಳಿಗೂ ಕಿರುಬೆರಳಿಗೂ ತಲಾ 7. ಹೆಬ್ಬೆರಳಿಗೆ 30. ಏಕಲವ್ಯ ಗುರುದಕ್ಷಿಣೆಯಾಗಿ ಕೊಟ್ಟದ್ದು 30 ಪರ್ಸೆಂಟು ಎಂದಾಯಿತು, ದ್ರೋಣರಿಗೆ ಆ ಕಾಲದಲ್ಲಿ ಈ ಕಾಯ್ದೆ ಇರಲಿಲ್ಲ. ಒಂದು ಕೈಯ ಎರಡು ಬೆರಳು ಹೋದರೆ 20, ಮೂರಕ್ಕೆ 30, ನಾಲ್ಕಕ್ಕೆ 50. ಇಡೀ ಕೈ ಹೋದರೆ? 60. ಹೌದು, ನಮ್ಮ ಬೋರ್ಡಿನಷ್ಟೇ.

ಇನ್ನೊಂದು ಮಾತನ್ನು ನೆನಪಿಡಿ. ಬೆರಳು ಇದ್ದೂ ಮಡಚಲಾಗದೆ, ಚಾಚಲಾಗದೆ ಪೂರ್ತಿ ಕೆಲಸಕ್ಕೆ ಬಾರದಂತಾದರೆ ಅದೂ ಬೆರಳು ಹೋದ ಲೆಕ್ಕವೇ. "ಬೆರಳು ಇದೆಯಲ್ಲಪ್ಪಾ" ಎಂದು ಕಳಿಸುವವರ ಮಾತಿಗೆ ಮರುಳಾಗಬೇಡಿ.

ಶಿರಾದ ಹುಡುಗನ ಸಂಬಳ ತಿಂಗಳಿಗೆ 16 ಸಾವಿರ. ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವುದು 15 ಸಾವಿರ ಮಾತ್ರ. ಅದರ ನೂರಕ್ಕೆ 60 ಭಾಗ ಎಂದರೆ 9 ಸಾವಿರ. 25 ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿರುವ ಅಂಕಿ 216.91. ಗುಣಿಸಿದರೆ 19,52,190 ರೂಪಾಯಿ. ಎರಡು ಬೆರಳಿಗೆ ಅದರ 20 ಪರ್ಸೆಂಟು, 3,90,438 ರೂಪಾಯಿ. ಇದರ ಮೇಲೆ ಚಿಕಿತ್ಸೆಗಾದ ಖರ್ಚು ಬೇರೆ. ಒಂದು ತಿಂಗಳಲ್ಲಿ ಕೊಡದಿದ್ದರೆ ವರ್ಷಕ್ಕೆ 12 ಪರ್ಸೆಂಟು ಬಡ್ಡಿ ಬೇರೆ. ಕಾರಣವಿಲ್ಲದೆ ಸತಾಯಿಸಿದರೆ ಅರ್ಧದಷ್ಟರವರೆಗೆ ದಂಡ ಬೇರೆ.

ಮಾಲೀಕ ಕೊಟ್ಟದ್ದು ಎಷ್ಟು ಗೊತ್ತೇ? 40 ಸಾವಿರ. ಖಾಸಗಿ ನರ್ಸಿಂಗ್ ಹೋಮಿನ ಬಿಲ್ಲು ತಾನೇ ಕಟ್ಟಿ, ಮಂಚದ ಪಕ್ಕ ನಿಂತು, ತಲೆ ಸವರಿ, "ನೀನು ನನ್ ತಮ್ಮ ಇದ್ದಂಗೆ" ಎಂದು ಹೇಳಿ, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ. ಆ ಕಾಗದವನ್ನು ಹುಡುಗ ನಮಗೆ ತೋರಿಸಿದ. ಇಂಗ್ಲಿಷಿನಲ್ಲಿದೆ. "ಪೂರ್ಣ ಮತ್ತು ಅಂತಿಮ ಪರಿಹಾರ ಪಡೆದಿದ್ದೇನೆ, ಇನ್ನು ಯಾವ ಹಕ್ಕೂ ಇಲ್ಲ" ಎಂದು ಅದರ ಸಾರ. ಬಲಗೈಗೆ ಬ್ಯಾಂಡೇಜು ಇದ್ದುದರಿಂದ ಎಡಗೈಯಲ್ಲಿ ಸಹಿ. ಸಹಿ ಮಾತ್ರ ಕನ್ನಡದಲ್ಲಿದೆ. ಅಂಕುಡೊಂಕಾಗಿ, ಒಂದನೇ ಕ್ಲಾಸಿನ ಮಗು ಬರೆದ ಹಾಗೆ. "ಏನಂತ ಓದಿ ಹೇಳ್ಲಿಲ್ವ?" ಎಂದು ಕೇಳಿದೆ. "ಆಸ್ಪತ್ರೆ ಕಾಗ್ದ ಅಂದ್ರು ಅಣ್ಣ, ಹಾಕ್ದೆ" ಎಂದ.

ಇಂಥ ಕಾಗದಕ್ಕೆ ಬೆಲೆ ಇಲ್ಲ ಎಂಬುದು ಎಷ್ಟು ಹುಡುಗರಿಗೆ ಗೊತ್ತು? ಹಕ್ಕು ಬಿಟ್ಟುಕೊಡುವ ಒಪ್ಪಂದ ಶೂನ್ಯ ಎಂದು 1923ರ ಕಾಯ್ದೆಯೇ ಹೇಳಿತ್ತು. ರಾಜಿ ಆಗಿದ್ದರೂ ಪರಿಹಾರ ಆಯುಕ್ತರ ಮುಂದೆ ನೋಂದಣಿ ಆಗಬೇಕು, ಆಗದಿದ್ದರೆ ಮಾಲೀಕ ಪೂರ್ತಿ ಹಣಕ್ಕೆ ಹೊಣೆ. ಕಂಟ್ರಾಕ್ಟರ್ ಕಡೆಯ ಆಳಾಗಿದ್ದರೆ ಮುಖ್ಯ ಮಾಲೀಕನೇ ಹೊಣೆ. ಇವೆಲ್ಲ ಗುಟ್ಟಲ್ಲ. ಪುಸ್ತಕದಲ್ಲಿವೆ. ಆ ಪುಸ್ತಕ ಶಿರಾದ ಹುಡುಗ ಓದುವ ಭಾಷೆಯಲ್ಲಿ ಅವನ ಕೈಗೆ ಬರಲಿಲ್ಲ, ಅಷ್ಟೇ. 40 ಸಾವಿರಕ್ಕೂ 3,90,438ಕ್ಕೂ ನಡುವಿನ ಮೂರೂವರೆ ಲಕ್ಷ ಒಂದು ಭಾಷೆಯ ಬೆಲೆ.

ಅವನ ಶೆಡ್ಡಿನಲ್ಲಿದ್ದುದು ಎಂಟೇ ಜನ. ಹತ್ತು ಜನ ಇಲ್ಲದ ಕಡೆ ಇಎಸ್‌ಐ ಇಲ್ಲ, ಕಾರ್ಖಾನೆ ಕಾಯ್ದೆಯೂ ಕಾಲಿಡುತ್ತಿರಲಿಲ್ಲ. ರಾಜ್ಯ ಸರ್ಕಾರ ಮನಸ್ಸು ಮಾಡಿ ಅಧಿಸೂಚನೆ ಹೊರಡಿಸಿದರೆ ಮಾತ್ರ ಇಂಥ ಸಣ್ಣ ಜಾಗಗಳಿಗೆ ಅದನ್ನು ವಿಸ್ತರಿಸಬಹುದಾಗಿತ್ತು. ಆದರೆ ಪರಿಹಾರದ ಕಾನೂನಿಗೆ ಆ ಹತ್ತರ ಲೆಕ್ಕ ಇಲ್ಲ. ಕರೆಂಟಿನಿಂದ ಓಡುವ ಯಂತ್ರದ ಮೇಲೆ ದುಡಿಯುವವನಿಗೆ ಹಕ್ಕಿದೆ.

ಹತ್ತು ಜನ ಇರುವ ಕಡೆ, ತಿಂಗಳ ಸಂಬಳ 21 ಸಾವಿರದೊಳಗಿದ್ದರೆ, ಇಎಸ್‌ಐ ಕಡ್ಡಾಯ. ಅಲ್ಲಿ ದಾರಿ ಬೇರೆ. ಮಾಲೀಕನ ಮೇಲೆ ಪರಿಹಾರದ ಕೇಸು ಹಾಕಲು ಬರುವುದಿಲ್ಲ, ಕೊಡಬೇಕಾದ್ದು ಇಎಸ್‌ಐ. ಗಾಯ ಮಾಗುವವರೆಗೆ ಸಂಬಳದ 90 ಪರ್ಸೆಂಟು, ಆಮೇಲೆ ಮೆಡಿಕಲ್ ಬೋರ್ಡ್ ಹೇಳಿದಷ್ಟು ಪರ್ಸೆಂಟಿನ ಲೆಕ್ಕದಲ್ಲಿ ಜೀವನಪೂರ್ತಿ ತಿಂಗಳ ಹಣ. ಕೆಲಸಕ್ಕೆ ಸೇರಿದ ಮೊದಲ ದಿನವೇ ಬೆರಳು ಹೋದರೂ ಹಕ್ಕಿದೆ. ಆದರೆ ಕಾರ್ಡು? ಅದರ ಹೆಸರೇ ಇ-ಪೆಹಚಾನ್! ಪೆಹಚಾನ್ ಅಂದರೆ ಗುರುತು ಎಂದು ನಮ್ಮ ಹುಡುಗ ಹಿಂದಿ ಕಲಿತೇ ತಿಳಿಯಬೇಕು. ಅದೂ ಕೈಗೆ ಬರುವುದು ಯಾವಾಗ? ಹರಿಯಾಣದ ಗುರುಗ್ರಾಮ, ಮನೇಸರ ಕಡೆ ಬಿಡಿಭಾಗ ಮಾಡುವ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರ ನಡುವೆ ಕೆಲಸ ಮಾಡುವ ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ 2019ರಿಂದ ವರದಿಗಳನ್ನು ತರುತ್ತಿದೆ. ಬಹಳಷ್ಟು ಜನರಿಗೆ ಕಾರ್ಡು ಸಿಕ್ಕಿದ್ದೇ ಬೆರಳು ಹೋದ ಮೇಲೆ ಎಂದು ಅದು ಬರೆದಿದೆ. ನಮ್ಮ ಕಡೆ ಇಂಥ ವರದಿಯನ್ನು ಕನ್ನಡದಲ್ಲಿ ಯಾರು ಬರೆಯುತ್ತಾರೆ? ನಮ್ಮ ವಿಶ್ವವಿದ್ಯಾಲಯಗಳಿಗೆ ಪುರುಸೊತ್ತು ಇದ್ದಂತಿಲ್ಲ.

ಹೊಸ ಸಂಹಿತೆ, ಹಳೆಯ ಪ್ರೆಸ್ಸು

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1948ರ ಕಾರ್ಖಾನೆ ಕಾಯ್ದೆ, 1923ರ ಪರಿಹಾರ ಕಾಯ್ದೆ ಎರಡೂ ಅದರೊಳಗೆ ಕರಗಿದವು. ಒಂದು ಅಂಶ ಒಳ್ಳೆಯದೇ. ಸುರಕ್ಷತೆಯ ನಿಯಮ ಮೀರಿ ತೀವ್ರ ಗಾಯವಾದರೆ ಹಳೆಯ ಕಾಯ್ದೆಯಲ್ಲಿ ಕನಿಷ್ಠ ದಂಡ 5 ಸಾವಿರ ಇತ್ತು. ಒಂದು ಬೆರಳಿಗಿಂತ ಡೈ ರಿಪೇರಿಯೇ ದುಬಾರಿ! ಹೊಸದರಲ್ಲಿ ದಂಡ 2 ಲಕ್ಷಕ್ಕೆ ಕಡಿಮೆ ಇಲ್ಲ, 4 ಲಕ್ಷ ಮೀರುವುದಿಲ್ಲ. ಅದರ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಗಾಯಗೊಂಡವನಿಗೇ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರ ಇದೆ. ಸಂತೋಷ. ಆದರೆ ಅದೇ ಸಂಹಿತೆ ಕರೆಂಟು ಬಳಸುವ ಜಾಗವನ್ನು ಕಾರ್ಖಾನೆ ಎಂದು ಕರೆಯಲು ಹತ್ತು ಜನ ಸಾಲದು, ಇಪ್ಪತ್ತು ಜನ ಬೇಕು ಎಂದಿದೆ. ಸುರಕ್ಷತಾ ಸಮಿತಿ ಬೇಕಾದರೆ ಸಾಮಾನ್ಯ ಕಾರ್ಖಾನೆಯಲ್ಲಿ 500 ಜನ ಇರಬೇಕಂತೆ. ಪೀಣ್ಯದ ಗಲ್ಲಿಗಳಲ್ಲಿ 500 ಜನರ ಶೆಡ್ಡು ಎಷ್ಟಿವೆ ಸ್ವಾಮಿ? ಬೆರಳು ಹೋಗುವುದು ಎಂಟು ಜನರ ಜಾಗದಲ್ಲಿ, ಹನ್ನೆರಡು ಜನರ ಜಾಗದಲ್ಲಿ.

ಅದಕ್ಕೂ ಮೊದಲು, 2023ರಲ್ಲಿ, ನಮ್ಮದೇ ವಿಧಾನಮಂಡಲ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿಕೊಟ್ಟಿತ್ತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿಯನ್ನು 145ಕ್ಕೆ ಏರಿಸಿತು. ಹನ್ನೊಂದನೇ ಗಂಟೆಯಲ್ಲಿ ಪೆಡಲ್ ತುಳಿಯುವವನ ಕಣ್ಣು ಹೇಗಿರುತ್ತದೆ ಎಂದು ವಿಧಾನಸೌಧದ ಯಾರಿಗಾದರೂ ಗೊತ್ತಿತ್ತೇ?

ಸಂಹಿತೆಯ ಕೆಳಗೆ ರಾಜ್ಯದ ನಿಯಮಗಳು ಎಂಬುದೊಂದು ಇರುತ್ತದೆ. ಕೈ ಹಾಕಬೇಕಾದ ಜಾಗ ಅದು. ಯಂತ್ರದ ಮೇಲಿನ ಎಚ್ಚರಿಕೆ, ತರಬೇತಿ, ಅಪಘಾತದ ವರದಿ, ಪರಿಹಾರದ ಅರ್ಜಿ, ರಾಜಿ ಪತ್ರ, ಇವೆಲ್ಲ ಕನ್ನಡದಲ್ಲಿ ಇರತಕ್ಕದ್ದು ಎಂದು ನಿಯಮದಲ್ಲಿ ಬರೆಸಬೇಕು. "ಸ್ಥಳೀಯ ಭಾಷೆ" ಎಂಬ ಜಾರುವ ಪದ ಬೇಡ. ಕನ್ನಡ ಎಂದೇ ಬರೆಸಬೇಕು. ಕನ್ನಡದಲ್ಲಿ ಇಲ್ಲದ ರಾಜಿ ಪತ್ರವನ್ನು ಯಾವ ಅಧಿಕಾರಿಯೂ ನೋಂದಾಯಿಸಬಾರದು.

ಆ ಶೆಡ್ಡಿನಲ್ಲಿ ಐದು ಜನ ಒಡಿಶಾ, ಬಿಹಾರದವರು. ಅವರ ಮಾತೂ ಹೇಳಲೇಬೇಕು. ಯಾಕೆಂದರೆ ನಮ್ಮ ಹುಡುಗನ ಬೆರಳನ್ನು ಡೈ ಸಂದಿಯಿಂದ ಆಯ್ದು ಕರ್ಚೀಫಿನಲ್ಲಿ ಕಟ್ಟಿ ಆಟೋ ಹಿಂದೆ ಓಡಿದವನು ಅವರಲ್ಲೊಬ್ಬ. ಅವನಿಗೂ ಇಂಗ್ಲಿಷ್ ಚೀಟಿ ಓದಲು ಬಾರದು. ಅವನ ಬೆರಳು ಹೋದರೆ ಅವನಿಗೆ ಇಲ್ಲಿ ಅಣ್ಣನೂ ಇಲ್ಲ, ಬಳಗವೂ ಇಲ್ಲ, ಮೂರನೇ ದಿನ ರೈಲು ಹತ್ತಿಸುತ್ತಾರೆ. ಮಾಲೀಕರು ಹೊರ ರಾಜ್ಯದವರನ್ನು ಇಷ್ಟಪಡುವುದು ಅವರು ಹೆಚ್ಚು ದುಡಿಯುತ್ತಾರೆಂದಲ್ಲ. ಲೇಬರ್ ಆಫೀಸಿನಲ್ಲಿ ಬಾಯಿ ಬಿಡಲು ಅವರಿಗೆ ಭಾಷೆ ಇಲ್ಲ ಎಂದು. ಯಂತ್ರದ ಮೇಲೆ ಮೊದಲು ಕನ್ನಡ ಇರಲಿ, ಕೆಳಗೆ ಅವನ ಒಡಿಯಾ ಇದ್ದರೆ ನಮ್ಮ ಗಂಟೇನೂ ಹೋಗುವುದಿಲ್ಲ.

ಸರೋಜಿನಿ ಮಹಿಷಿ ಸಮಿತಿ ವರದಿ ಬಂದು ನಾಲ್ಕು ದಶಕಗಳಾಗುತ್ತಾ ಬಂತು. ಕನ್ನಡಿಗರಿಗೆ ಉದ್ಯೋಗ ಎಂದು ಅಂದಿನಿಂದ ಕೂಗುತ್ತಿದ್ದೇವೆ. 2024ರ ಜುಲೈನಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿತು, ಉದ್ಯಮಿಗಳು ಗದ್ದಲ ಮಾಡಿದ ಕೂಡಲೇ ಎರಡೇ ದಿನದಲ್ಲಿ ತಡೆಹಿಡಿಯಿತು. ಆ ಹೋರಾಟ ಬಿಡುವ ಮಾತೇ ಇಲ್ಲ. ಆದರೆ ಕೆಲಸ ಕೊಡಿಸಿ ಗೇಟಿನ ತನಕ ಬಿಟ್ಟು ಬಂದರೆ ಆಯಿತೇ? ಹತ್ತು ಬೆರಳಿನಲ್ಲಿ ಒಳಗೆ ಹೋದ ಹುಡುಗ ಎಂಟು ಬೆರಳಿನಲ್ಲಿ ಹೊರಗೆ ಬಂದರೆ ನಮ್ಮ ಜವಾಬ್ದಾರಿ ಏನೂ ಇಲ್ಲವೇ?

ಈಗ ಕಾರ್ಖಾನೆಗಳಲ್ಲಿರುವ ಓದುಗರಿಗೆ ನೇರವಾಗಿ ನಾಲ್ಕು ಮಾತು. ಬೆರಳು ತುಂಡಾದರೆ ಅದನ್ನು ನೇರ ಐಸಿನ ಮೇಲೆ ಇಡಬೇಡಿ, ಕೆಟ್ಟುಹೋಗುತ್ತದೆ. ಶುದ್ಧ ಬಟ್ಟೆಯನ್ನು ಒದ್ದೆ ಮಾಡಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸು ನೀರಿನಲ್ಲಿಟ್ಟು ಬೇಗ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ನಮ್ಮ ಹುಡುಗನ ಬೆರಳನ್ನು ಸಣ್ಣ ನರ್ಸಿಂಗ್ ಹೋಮಿಗೆ ಒಯ್ದರು, ಅಲ್ಲಿ ಕೂಡಿಸುವವರೇ ಇರಲಿಲ್ಲ. ಆಸ್ಪತ್ರೆಯಲ್ಲಿ ಏನಾಯಿತೆಂದು ಕೇಳಿದಾಗ "ಬೈಕ್ ಚೈನಿಗೆ ಸಿಕ್ಕಿತು ಅನ್ನು" ಎಂದು ಮಾಲೀಕ ಹೇಳಿಕೊಡುತ್ತಾನೆ. ಅನ್ನಬೇಡಿ. ಇಂಥ ಜಾಗ, ಇಂಥ ಯಂತ್ರ, ಇಷ್ಟು ಗಂಟೆ ಎಂದು ದಾಖಲೆಯಲ್ಲಿ ಬರೆಸಿ. ಗೆಳೆಯನೊಬ್ಬ ಯಂತ್ರದ ಫೋಟೋ ಅಂದೇ ತೆಗೆದಿಡಲಿ, ಮಾರನೇ ದಿನ ಗಾರ್ಡ್ ತಾನಾಗಿ ಹುಟ್ಟಿಕೊಂಡಿರುತ್ತದೆ. ಹಾಜರಿ ಚೀಟಿ, ಸಂಬಳ ಬಂದ ಬ್ಯಾಂಕ್ ಮೆಸೇಜು ಅಳಿಸಬೇಡಿ. ಓದಲು ಬಾರದ ಯಾವ ಕಾಗದಕ್ಕೂ ಸಹಿ ಬೇಡ. "ಕನ್ನಡದಲ್ಲಿ ಬರ್ಕೊಡಿ ಸಾರ್" ಅನ್ನಿ. ಅರ್ಜಿಗೆ ಕಾಲಮಿತಿ ಇದೆ, ಊರಿಗೆ ಹೋಗಿ ಕೂರಬೇಡಿ.

ಶಿರಾದ ಹುಡುಗನ ಅರ್ಜಿ ಇನ್ನೂ ನಡೆಯುತ್ತಿದೆ. ಅವನು ಈಗ ಎಡಗೈಯಲ್ಲಿ ಬರೆಯುವುದು ಕಲಿಯುತ್ತಿದ್ದಾನೆ. ಮಾಲೀಕ ಕೊಟ್ಟಿದ್ದ ಚಂದಾ ಹಣವನ್ನು ನಾವು ವಾಪಸ್ ಕಳಿಸಿದ್ದೇವೆ, ರಸೀತಿಯ ಅರ್ಧ ಭಾಗವನ್ನೂ ಲಗತ್ತಿಸಿ.

ರಾಜ್ಯೋತ್ಸವದ ಚಂದಾಕ್ಕೆ ಕಾರ್ಖಾನೆಗಳಿಗೆ ಹೋಗುವ ಹುಡುಗರೇ, ಇನ್ನು ಮೇಲೆ ಆಫೀಸು ರೂಮಿನಲ್ಲಿ ಕೂತು ಕಾಫಿ ಕುಡಿದು ಎದ್ದು ಬರಬೇಡಿ. ಒಳಗೆ ಹೋಗಿ. ಪ್ರೆಸ್ಸಿಗೆ ಗಾರ್ಡ್ ಇದೆಯೇ ನೋಡಿ. ಎಚ್ಚರಿಕೆಯ ಫಲಕ ಕನ್ನಡದಲ್ಲಿದೆಯೇ ನೋಡಿ. ಆಪರೇಟರ್ ಹತ್ತಿರ ನಿಂತು ಊರು ಕೇಳಿ, ಇಎಸ್‌ಐ ಕಾರ್ಡು ಕೇಳಿ. ಇಲ್ಲ ಎಂದರೆ ರಸೀತಿ ಹರಿಯಬೇಡಿ. ಈ ಲೇಖನದ ಬೆರಳಿನ ಲೆಕ್ಕದ ಭಾಗವನ್ನು ಕತ್ತರಿಸಿ ಕ್ಯಾಂಟೀನಿನ ಗೋಡೆಗೆ ಅಂಟಿಸಿ ಬನ್ನಿ.